ಸಂಗೀತ ಪಾಠದ ಫೀ: ಯಾರು ಕೊಟ್ಟರು, ಏಕೆ ಕೊಟ್ಟರು?

ಸಂಗೀತದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ರಾಗಗಳ ಬಗ್ಗೆ, ಘರಾಣೆಗಳ ಬಗ್ಗೆ, ಗುರು-ಶಿಷ್ಯ ಪರಂಪರೆಯ ಬಗ್ಗೆ ಬರೆಯುತ್ತಾರೆ. ಗುರುವಿನ ಮನೆಯ ಒಲೆ ಉರಿಯಲು ಹಣ ಎಲ್ಲಿಂದ ಬಂತು, ಕಲಿಯುತ್ತಿದ್ದ ಹುಡುಗನ ಊಟ-ಬಟ್ಟೆಯ ಖರ್ಚನ್ನು ಯಾರು ವಹಿಸಿಕೊಂಡರು ಎಂಬ ವಿಷಯ ಆ ಗ್ರಂಥಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಇಂದು ಪ್ರತಿ ತಿಂಗಳು ಮೊದಲ ವಾರದಲ್ಲಿ ಮಕ್ಕಳ ಸಂಗೀತ ಪಾಠದ ಫೀ ಕೊಡುವ ತಂದೆತಾಯಿಗಳಿಗೆ ಆ ಒಂದೆರಡು ಸಾಲುಗಳೇ ಹೆಚ್ಚು ಉಪಯುಕ್ತವಾದವು ಎಂದು ನನ್ನ ಅನಿಸಿಕೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಈಗ ಹದಿಹರೆಯದ ಮಕ್ಕಳ ತಂದೆತಾಯಿಗಳು. ಮದುವೆ-ಮುಂಜಿಗಳಲ್ಲಿ ಭೇಟಿಯಾದಾಗ, ಇಲ್ಲವೇ ದೂರವಾಣಿಯಲ್ಲಿ ಮಾತಿಗೆ ಸಿಕ್ಕಾಗ ಅವರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಸರ್, ಮಗಳು ಈಗ ಒಂಬತ್ತನೆಯ ಇಯತ್ತೆ. ಐದಾರು ವರ್ಷದಿಂದ ಸಂಗೀತ ಕಲಿಯಾಕ ಹತ್ಯಾಳ. ಮುಂದ ಎಸ್ಸೆಸ್ಸೆಲ್ಸಿ. ಮುಂದುವರಿಸೂಣೋ, ಬಿಡಿಸೂಣೋ?" ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಸಂಗೀತಶಾಸ್ತ್ರ ತಿಳಿಯದು. ಹಾಡಲೂ ಬಾರದು, ಕೇಳಲು ಮಾತ್ರ ಬರುತ್ತದೆ. ಆದುದರಿಂದ ನನಗೆ ತಿಳಿದ ವಿಷಯವಾದ ಇತಿಹಾಸದ ಮೂಲಕವೇ ಈ ಪ್ರಶ್ನೆಯನ್ನು ನೋಡುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ನಮ್ಮ ನಾಡಿನ ಉದಾಹರಣೆಗಳನ್ನೇ ಆರಿಸಿಕೊಂಡಿದ್ದೇನೆ.

ಮೊದಲಿಗೆ ಅರಮನೆ. ಮೈಸೂರು ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವರು. ವೀಣೆ ಪದ್ಮನಾಭಯ್ಯನವರಲ್ಲಿ ಆರಂಭದ ಪಾಠವಾದ ಮೇಲೆ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಬೇಕೆಂಬ ಆಸೆ ಅವರಿಗಿತ್ತು. ಆ ವೆಚ್ಚವನ್ನು ಭರಿಸಿದವರು ಆಗ ಮೈಸೂರನ್ನು ಆಳುತ್ತಿದ್ದ ಚಾಮರಾಜ ಒಡೆಯರು. ವಾಸುದೇವಾಚಾರ್ಯರು ಕಲಿತು ಮರಳಿ ಆಸ್ಥಾನ ವಿದ್ವಾಂಸರಾದರು, ವಾಗ್ಗೇಯಕಾರರಾದರು, 1961ರವರೆಗೆ ಬಾಳಿದರು. ಅರಸರು ಕೊಟ್ಟ ಹಣ ಒಂದು ಬಗೆಯಲ್ಲಿ ಬೆಳೆಸಾಲ ಇದ್ದಂತೆ. ಬಿತ್ತನೆಯ ಕಾಲಕ್ಕೆ ಕೊಟ್ಟು, ಸುಗ್ಗಿಯವರೆಗೆ ಕಾಯುವ ಶಕ್ತಿ ಅರಮನೆಗಿತ್ತು. ಆದರೆ ಎಷ್ಟು ಹುಡುಗರಿಗೆ ಆ ಬಾಗಿಲು ತೆರೆಯುತ್ತಿತ್ತು? ಅರಮನೆಯ ದೃಷ್ಟಿಗೆ ಬೀಳುವುದೇ ಒಂದು ಭಾಗ್ಯವಾಗಿತ್ತು.

ಉತ್ತರ ಕರ್ನಾಟಕದ ನಮ್ಮ ಕಡೆ ಮೈಸೂರಿನಂತಹ ದೊಡ್ಡ ಆಸ್ಥಾನವಿರಲಿಲ್ಲ. ಇಲ್ಲಿ ಆ ಕೆಲಸವನ್ನು ನಾಟಕ ಕಂಪನಿಗಳು ಮಾಡಿದವು. ಮಲ್ಲಿಕಾರ್ಜುನ ಮನ್ಸೂರರು 1910ರಲ್ಲಿ ಧಾರವಾಡದ ಸಮೀಪದ ಮನ್ಸೂರಿನಲ್ಲಿ ಹುಟ್ಟಿದರು. ಒಕ್ಕಲುತನದ ಮನೆ. ಅಣ್ಣ ಬಸವರಾಜರ ನಾಟಕದ ನಂಟಿನಿಂದ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿದರು. ಅಪ್ಪಯ್ಯ ಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ರಂಗದ ಮೇಲೆ ಈ ಬಾಲಕನ ಹಾಡನ್ನು ಕೇಳಿದ ನೀಲಕಂಠ ಬುವಾ ಅಲೂರಮಠರು ಅವನನ್ನು ಮಿರಜಿಗೆ ಕರೆದೊಯ್ದು ಗ್ವಾಲಿಯರ್ ಘರಾಣೆಯ ಶಿಕ್ಷಣ ಕೊಟ್ಟರು. ಮುಂದೆ ಮಂಜಿಖಾನ್, ಆನಂತರ ಭೂರ್ಜಿಖಾನ್ ಅವರಲ್ಲಿ ಜಯಪುರ ಘರಾಣೆಯ ಅಭ್ಯಾಸ ನಡೆಯಿತು. ಮನ್ಸೂರರ ಆರಂಭದ ಆ ವರ್ಷಗಳ ಖರ್ಚನ್ನು ಟಿಕೆಟು ಕೊಂಡು ನಾಟಕ ನೋಡಲು ಬಂದ ಜನರೇ ಹೊತ್ತರೆಂದು ಹೇಳಬಹುದು. ತಾವು ಒಬ್ಬ ಹುಡುಗನ ವಿದ್ಯೆಗೆ ಹಣ ಕೊಡುತ್ತಿದ್ದೇವೆ ಎಂಬುದು ಆ ಪ್ರೇಕ್ಷಕರಿಗೆ ತಿಳಿದಿರಲಿಲ್ಲ.

ಮೂರನೆಯದು ಮಠದ ಜೋಳಿಗೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೂ ಅವನ ಅಣ್ಣ ಗುರುಬಸಯ್ಯನಿಗೂ ಕಣ್ಣು ಇರಲಿಲ್ಲ. ಬಡತನದ ಮನೆ. ಈ ಮಕ್ಕಳ ಭಾರವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಹೊತ್ತುಕೊಂಡರು, ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಪಂಚಾಕ್ಷರ ಗವಾಯಿಗಳಾಗಿ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅಲ್ಲಿ ಅಂಧರಿಗೆ, ಅನಾಥರಿಗೆ, ಬಡವರ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಯಾವುದಕ್ಕೂ ಫೀ ಇಲ್ಲ. ಭಕ್ತರು ಕೊಟ್ಟ ಜೋಳ, ಕಾಣಿಕೆಯ ಹಣ, ಆಶ್ರಮವೇ ನಡೆಸಿದ ನಾಟಕ ಕಂಪನಿಯ ಗಳಿಕೆ, ಇವುಗಳಿಂದ ಒಲೆ ಉರಿಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆಯನ್ನು ನಡೆಸಿದರು. ಹದಿಮೂರನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಬಸವರಾಜ ರಾಜಗುರು ಅವರು ಬೆಳೆದದ್ದೂ ಪಂಚಾಕ್ಷರ ಗವಾಯಿಗಳ ಆಶ್ರಯದಲ್ಲಿಯೇ. ಅಲ್ಲಿ ಕಲಿತವರೆಲ್ಲರೂ ರಾಜಗುರು ಆಗಲಿಲ್ಲ. ಹಲವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ಪುರಾಣ ಪ್ರವಚನಗಳಿಗೆ ಹಾರ್ಮೋನಿಯಂ, ತಬಲಾ ಸಾಥ್ ನೀಡಿ ಸಂಸಾರ ನಡೆಸಿದರು. ಕಣ್ಣಿಲ್ಲದ ಹುಡುಗನೊಬ್ಬ ತನ್ನ ಅನ್ನವನ್ನು ತಾನು ದುಡಿದುಕೊಳ್ಳುವಂತಾದನಲ್ಲ, ಆಶ್ರಮದ ಲೆಕ್ಕಕ್ಕೆ ಅದು ಸಾಕಾಗಿತ್ತು.

ಇನ್ನು ನಾನು ವಿಸ್ತಾರವಾಗಿ ಹೇಳಬೇಕಾದ ಎರಡು ಪ್ರಸಂಗಗಳಿವೆ. ಅವೆರಡೂ ಮನೆಯ ಹಣದ ಪ್ರಸಂಗಗಳು. ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ತಂದೆ.

ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ತಂದೆ ಚಿಕ್ಕೂರಾವ್ ನಾಡಗೀರ. ಹಾಡುವ ಹೆಣ್ಣುಮಕ್ಕಳ ಮನೆತನವೆಂದು ಸಮಾಜ ಆ ಮನೆಯನ್ನು ಹೇಗೆ ಕಾಣುತ್ತಿತ್ತು, ಬಾಲಕಿಯಾಗಿದ್ದ ತಾನು ಎಂತಹ ಮಾತುಗಳನ್ನು ಕೇಳಬೇಕಾಯಿತು ಎಂಬುದನ್ನು ಗಂಗೂಬಾಯಿಯವರು ಮುಂದೆ ಯಾವ ಕಹಿಯೂ ಇಲ್ಲದೆ ಹೇಳಿಕೊಂಡಿದ್ದಾರೆ. ಮಗಳ ಒಲವು ಹಿಂದೂಸ್ತಾನಿ ಸಂಗೀತದ ಕಡೆಗೆ ಎಂಬುದು ಅಂಬಾಬಾಯಿಯವರಿಗೆ ಬೇಗನೆ ತಿಳಿಯಿತು. ಆಗ ಆ ತಾಯಿ ಎರಡು ಕೆಲಸ ಮಾಡಿದರು. ತಮ್ಮ ಹಾಡಿನ ಶೈಲಿ ಮಗಳ ಕಿವಿಗೆ ಬಿದ್ದು ಅವಳ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಹಾಡನ್ನೇ ಹಿಂದಕ್ಕೆ ಸರಿಸಿದರು. 1928ರಲ್ಲಿ ಮಗಳ ಪಾಠಕ್ಕಾಗಿಯೇ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಮನೆ ಸಾಗಿಸಿದರು. ಮಗಳಿಗೆ ಆಗ ಹದಿನೈದು ವರ್ಷ, ಎಂದರೆ ಇಂದಿನ ಎಸ್ಸೆಸ್ಸೆಲ್ಸಿಯ ವಯಸ್ಸು.

ಹುಬ್ಬಳ್ಳಿಯಲ್ಲಿ ಮೊದಲು ಸಿಕ್ಕ ಗುರುಗಳು ಕಿನ್ನರಿ ವಾದಕರಾದ ಹುಲಗೂರು ಕೃಷ್ಣಾಚಾರ್ಯರು. ಸುಮಾರು ಒಂದು ವರ್ಷದಲ್ಲಿ ಅರವತ್ತು ಚೀಜುಗಳ ಪಾಠವಾಯಿತು. ಆಮೇಲೆ ಫೀಸಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಪಾಠ ನಿಂತುಹೋಯಿತು! ಗಂಗೂಬಾಯಿಯವರ ಜೀವನದ ಈ ಸಣ್ಣ ಸಂಗತಿಯನ್ನು ನಾನು ತರಗತಿಯಲ್ಲಿ ಅನೇಕ ಸಲ ಹೇಳಿದ್ದೇನೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2002ರಲ್ಲಿ ಪದ್ಮವಿಭೂಷಣ ಪಡೆದ ಕಂಠಕ್ಕೂ ಹದಿಹರೆಯದಲ್ಲಿ ಫೀಸಿನ ಕಾರಣಕ್ಕೆ ಪಾಠ ನಿಂತಿತ್ತು. ಆದುದರಿಂದ ಇಂದು ನಿಮ್ಮ ಮನೆಯಲ್ಲಿ ಆ ವಿಷಯಕ್ಕೆ ಮಾತು ನಡೆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಮೇಲೆ ದತ್ತೋಪಂತ ದೇಸಾಯಿಯವರಲ್ಲಿ ಪಾಠ, ಕೊನೆಗೆ ಸವಾಯಿ ಗಂಧರ್ವರಲ್ಲಿ. ಸವಾಯಿ ಗಂಧರ್ವರು ನಾಟಕ ಕಂಪನಿಯ ಜೊತೆಗೆ ಊರೂರು ತಿರುಗುತ್ತಿದ್ದುದರಿಂದ ಪಾಠ ಬಿಟ್ಟುಬಿಟ್ಟು ನಡೆಯುತ್ತಿತ್ತು. ಅಷ್ಟರಲ್ಲಿ ಗಂಗೂಬಾಯಿಯವರಿಗೆ ಸಂಸಾರವಾಯಿತು, ಮಕ್ಕಳಾದವು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳಿಗಾಗಿ ತನ್ನ ಹಾಡನ್ನು ಬಿಟ್ಟ ತಾಯಿ ಮಗಳ ದೊಡ್ಡ ಕೀರ್ತಿಯನ್ನು ನೋಡಲಿಲ್ಲ. ಸವಾಯಿ ಗಂಧರ್ವರು ರಂಗಭೂಮಿಯನ್ನು ಬಿಟ್ಟು ಕುಂದಗೋಳದಲ್ಲಿ ನೆಲೆನಿಂತ ಮೇಲೆಯೇ ಗಂಗೂಬಾಯಿಯವರ ಗಾಢವಾದ ಅಭ್ಯಾಸ ಸುಮಾರು ಮೂರು ವರ್ಷ ನಡೆದದ್ದು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತು ಮರಳುತ್ತಿದ್ದರು. ಎಂದರೆ ಅಂಬಾಬಾಯಿ 1928ರಲ್ಲಿ ಕೊಟ್ಟ ಹಣದ ಫಲ ಅವರು ಕಣ್ಣು ಮುಚ್ಚಿದ ಎಷ್ಟೋ ವರ್ಷಗಳ ನಂತರ ಕಾಣಿಸಿತು.

ಈಗ ತಂದೆಯ ಪ್ರಸಂಗ. ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿದರು. ತಂದೆ ಗುರುರಾಜಾಚಾರ್ಯ ಜೋಶಿಯವರು ನಮ್ಮ ವೃತ್ತಿಯವರೇ, ಶಾಲಾ ಮಾಸ್ತರರು. ಹದಿನಾರು ಮಕ್ಕಳ ದೊಡ್ಡ ಸಂಸಾರ, ಭೀಮಸೇನ ಹಿರಿಯ ಮಗ. ಬೀದಿಯಲ್ಲಿ ಭಜನೆಯ ಮೇಳವೋ ಬ್ಯಾಂಡೋ ಹೊರಟರೆ ಈ ಹುಡುಗ ಅದರ ಹಿಂದೆ ನಡೆದು, ದಣಿದು, ಎಲ್ಲಿಯೋ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು. ಕಂಡವರು ಮನೆಗೆ ತಂದು ಮುಟ್ಟಿಸುತ್ತಿದ್ದರು. ಒಬ್ಬ ಶಿಕ್ಷಕನಾಗಿ ನಾನು ಈ ಕಥೆಯನ್ನು ಓದಿದಾಗಲೆಲ್ಲ ನಗು ಬರುತ್ತದೆ, ಜೊತೆಗೆ ಆ ಮಾಸ್ತರರ ಪಾಡು ನೆನೆದು ಅಯ್ಯೋ ಎನಿಸುತ್ತದೆ.

ಅಬ್ದುಲ್ ಕರೀಂ ಖಾನ್ ಅವರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಕೇಳಿದ ಬಾಲಕನಿಗೆ ಹಾಗೆ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿಹೋದ. ಸಹಪ್ರಯಾಣಿಕರು ಕೊಟ್ಟ ಚಿಲ್ಲರೆಯಿಂದ ಪ್ರಯಾಣ ಸಾಗಿತು. ಗ್ವಾಲಿಯರಿನಲ್ಲಿ ಮಹಾರಾಜರು ನಡೆಸುತ್ತಿದ್ದ ಮಾಧವ ಸಂಗೀತ ಶಾಲೆಯಲ್ಲಿ ಕೆಲಕಾಲ ಕಲಿತ. ದಿಲ್ಲಿ, ಕಲಕತ್ತಾ, ಲಖನೌ, ರಾಂಪುರ ಎಂದು ಸುಮಾರು ಮೂರು ವರ್ಷ ಅಲೆದ. ಕೊನೆಗೆ ತಂದೆ ಅವನನ್ನು ಜಾಲಂಧರದಲ್ಲಿ ಪತ್ತೆ ಮಾಡಿ ಮನೆಗೆ ಕರೆತಂದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೂರು ವರ್ಷ ಕಾಣೆಯಾಗಿದ್ದ ಹಿರಿಯ ಮಗ, ಮನೆ ತುಂಬ ಮಕ್ಕಳು, ಮಾಸ್ತರಿಕೆಯ ಸಂಬಳ. "ಸಾಕು ನಿನ್ನ ಸಂಗೀತ, ಇನ್ನು ಮುಂದೆ ಶಾಲೆ, ಆಮೇಲೆ ನೌಕರಿ" ಎಂದು ಆ ತಂದೆ ಹೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಹುಡುಗನನ್ನು 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ಬಿಟ್ಟರು. ಗುರುವಿನ ಮನೆಯಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿಕೊಂಡು 1940ರವರೆಗೆ ಭೀಮಸೇನರು ಕಲಿತರು. ತೋಡಿ, ಮುಲ್ತಾನಿ, ಪೂರಿಯಾ, ಈ ಕೆಲವೇ ರಾಗಗಳ ಮೇಲೆ ವರ್ಷಗಟ್ಟಲೆ ಸಾಧನೆ ನಡೆಯಿತು. ಮಗನಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಆದರೆ 1936ರಲ್ಲಿ ತಂದೆಯ ಮುಂದೆ ಭಾರತರತ್ನವಿರಲಿಲ್ಲ, ಆ ಪ್ರಶಸ್ತಿಯೇ ಇನ್ನೂ ಹುಟ್ಟಿರಲಿಲ್ಲ. ಹಾಡಿಲ್ಲದೆ ಮನೆಯಲ್ಲಿ ನಿಲ್ಲಲಾರದ ಹದಿನಾಲ್ಕು ವರ್ಷದ ಮಗ ಮಾತ್ರ ಇದ್ದ. ತಂದೆ ಅದನ್ನು ಕಂಡು ತೀರ್ಮಾನ ಮಾಡಿದರು.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ಒಂದು ಸಮಾನ ಅಂಶವಿದೆ. ಹಳೆಯ ಪದ್ಧತಿಯಲ್ಲಿ ಲೆಕ್ಕವನ್ನು ವರ್ಷಗಳಲ್ಲಿ ಮಾಡುತ್ತಿದ್ದರು. ಸವಾಯಿ ಗಂಧರ್ವರು ಸ್ವತಃ ಹುಡುಗನಾಗಿದ್ದಾಗ, ಎಂಟು ವರ್ಷ ತನ್ನ ಬಳಿ ಕಲಿಯಬೇಕೆಂಬ ಷರತ್ತಿನ ಮೇಲೆ ಅಬ್ದುಲ್ ಕರೀಂ ಖಾನರು ಅವರನ್ನು ಶಿಷ್ಯನಾಗಿ ಸ್ವೀಕರಿಸಿದ್ದರು. ಹಣ ಕೊಡಲಾರದವನು ಸೇವೆ ಕೊಡುತ್ತಿದ್ದ. ಕೊನೆಗೆ ಗುರುದಕ್ಷಿಣೆ. ಆ ಪದ್ಧತಿಯಲ್ಲಿ ಕಷ್ಟಗಳೂ ಬಹಳ. ಎಷ್ಟೋ ಹುಡುಗರು ನೀರು ಹೊತ್ತದ್ದೇ ಬಂತು, ವಿದ್ಯೆ ಬರಲಿಲ್ಲ. ಹೆಣ್ಣುಮಕ್ಕಳಿಗಂತೂ ಗುರುವಿನ ಮನೆಯಲ್ಲಿದ್ದು ಕಲಿಯುವ ದಾರಿ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಅದು ಚಿನ್ನದ ಕಾಲವೆಂದು ನಾನು ಹೇಳುವುದಿಲ್ಲ.

ಈ ಲೆಕ್ಕ ಬದಲಾದದ್ದು ವಿಷ್ಣು ದಿಗಂಬರ ಪಲುಸ್ಕರರ ಕಾಲದಿಂದ. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿ, ಮಿರಜಿನಲ್ಲಿ ಬಾಲಕೃಷ್ಣ ಬುವಾ ಇಚಲಕರಂಜೀಕರರಲ್ಲಿ ಕಲಿತ ಪಲುಸ್ಕರರು 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಅರಸರ ಕೃಪೆಯನ್ನೇ ನಂಬದೆ ಸಾರ್ವಜನಿಕರ ದೇಣಿಗೆ, ಕಚೇರಿಗಳ ಗಳಿಕೆ, ವಿದ್ಯಾರ್ಥಿಗಳ ಫೀ ಇವುಗಳಿಂದ ನಡೆಯುವ ಶಾಲೆ ಅದು. ಗಂಟೆ ಬಾರಿಸುತ್ತದೆ, ತರಗತಿ ಕೂಡುತ್ತದೆ, ಪುಸ್ತಕವಿದೆ, ಪರೀಕ್ಷೆಯಿದೆ. 1908ರಲ್ಲಿ ಮುಂಬಯಿಯಲ್ಲಿ ಶಾಖೆ ತೆರೆಯಿತು. ಸಾಲದ ಹೊರೆ ಬೆಳೆದು 1920ರ ದಶಕದಲ್ಲಿ ಆ ಶಾಲೆ ಮುಚ್ಚಿತು, 1931ರಲ್ಲಿ ಪಲುಸ್ಕರರು ತೀರಿಕೊಂಡರು. ಆದರೆ ಅವರ ಶಿಷ್ಯರು ಕೂಡಿ ಕಟ್ಟಿದ ಮಂಡಳದ ಪರೀಕ್ಷೆಗಳು ಇಂದಿಗೂ ನಮ್ಮ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿ ಮಕ್ಕಳನ್ನು ಹಾರ್ಮೋನಿಯಂ ಮುಂದೆ ಕೂರಿಸುತ್ತಿವೆ. ಕರ್ನಾಟಕದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೂ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳನ್ನು ಬಹುಕಾಲ ನಡೆಸಿಕೊಂಡು ಬಂದಿತು.

ಪಲುಸ್ಕರರಂತಹವರಿಂದ ಆದ ಉಪಕಾರ ದೊಡ್ಡದು. ಗುಮಾಸ್ತರ ಮಗಳು, ಮಾಸ್ತರರ ಮಗ, ಅಂಗಡಿಕಾರರ ಮಗಳು, ಎಲ್ಲರೂ ಮರ್ಯಾದೆಯಿಂದ ಸಂಗೀತ ಕಲಿಯುವಂತಾಯಿತು. ಎಲ್ಲರೂ ತಾನಸೇನರಾಗದಿದ್ದರೂ ಕಾನಸೇನರಾಗಲಿ, ಎಂದರೆ ಒಳ್ಳೆಯ ಕಿವಿಯುಳ್ಳ ಕೇಳುಗರಾಗಲಿ ಎಂಬ ಮಾತು ಸಂಗೀತದವರಲ್ಲಿ ಇಂದಿಗೂ ರೂಢಿಯಲ್ಲಿದೆ. ಆದರೆ ಇದರೊಂದಿಗೆ ಒಂದು ಹೊಸ ಸಂಗತಿಯೂ ಬಂತು. ಫೀ ತಿಂಗಳಿಗೊಮ್ಮೆ ಕೊಡುವಂಥದ್ದಾಯಿತು. ಹಾಲಿನವನ ಲೆಕ್ಕ, ಕಿರಾಣಿ ಲೆಕ್ಕ, ವಿದ್ಯುತ್ ಬಿಲ್ಲು, ಇವುಗಳ ಸಾಲಿನಲ್ಲಿ ಸಂಗೀತದ ಲೆಕ್ಕವೂ ಕುಳಿತಿತು. ತಿಂಗಳಿಗೊಮ್ಮೆ ಕೊಡುವವನು ತಿಂಗಳಿಗೊಮ್ಮೆ ಕೇಳುತ್ತಾನೆ: "ಏನು ಬಂತು?" ಹಾಲು ಬಂದದ್ದು ಕಾಣುತ್ತದೆ. ಭೂಪ ರಾಗ ಬಂದದ್ದು ತಿಂಗಳ ಕೊನೆಗೆ ಕಾಣುವುದಿಲ್ಲ. ಅಂಬಾಬಾಯಿಯವರಾಗಲಿ ಜೋಶಿ ಮಾಸ್ತರರಾಗಲಿ ತಿಂಗಳ ಲೆಕ್ಕ ಇಟ್ಟಿದ್ದರೆ ಎರಡನೆಯ ತಿಂಗಳಿಗೆ ಪಾಠ ಬಿಡಿಸಬೇಕಾಗುತ್ತಿತ್ತು.

ನಮ್ಮ ತಲೆಮಾರಿನಲ್ಲಿ ಹೆಣ್ಣುಮಕ್ಕಳ ಸಂಗೀತಕ್ಕೆ ಇನ್ನೊಂದು ಲೆಕ್ಕವಿತ್ತು. ಕನ್ಯೆ ನೋಡಲು ಬಂದವರು "ಹಾಡು ಬರ್ತದೇನ್ವಾ?" ಎಂದು ಕೇಳುತ್ತಿದ್ದರು. ಅದಕ್ಕಾಗಿ ಎರಡು ದೇವರ ನಾಮ, ಒಂದು ಭಾವಗೀತೆ ಕಲಿಸುತ್ತಿದ್ದರು. ಅಕ್ಷತೆ ಬಿದ್ದ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಅಟ್ಟಕ್ಕೆ ಏರುತ್ತಿತ್ತು. ನಮ್ಮ ಮನೆಯಲ್ಲಿಯೂ ಹಾಗೆಯೇ. ನನ್ನ ಅಕ್ಕನಿಗೆ ಕಲಿಸಲು ಬರುತ್ತಿದ್ದ ಮಾಸ್ತರರಿಗೆ ನಮ್ಮ ಅಪ್ಪ ತಿಂಗಳಿಗೆ ಐದು ರೂಪಾಯಿ, ಸುಗ್ಗಿಯಲ್ಲಿ ಒಂದು ಚೀಲ ಜೋಳ ಕೊಡುತ್ತಿದ್ದರು. ಅಕ್ಕನ ಮದುವೆಯಾದ ವರ್ಷ ಎರಡೂ ನಿಂತವು. ಅಕ್ಕನಿಗೆ ಹಾಡಬೇಕೆಂಬ ಆಸೆ ಇನ್ನೂ ಇದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ರೂಢಿಯೇ ಇರಲಿಲ್ಲ.

ಈಗ ಅದೇ ಅಕ್ಕನ ಮೊಮ್ಮಗಳ ವಿಷಯದಲ್ಲಿ ಆ ಪ್ರಶ್ನೆ ಎದ್ದಿದೆ. ನನ್ನ ಸೋದರಳಿಯನಿಗೆ ಹುಬ್ಬಳ್ಳಿಯಲ್ಲಿ ಖಾಸಗಿ ನೌಕರಿ. ಮಗಳು ಏಳು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ, ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಫೀ. ಈ ವರ್ಷ ಹತ್ತನೆಯ ಇಯತ್ತೆ. ಗಣಿತ-ವಿಜ್ಞಾನದ ಟ್ಯೂಶನ್ನಿಗೆ ವರ್ಷಕ್ಕೆ ನಲವತ್ತು ಸಾವಿರ. ಮನೆಯ ಸಾಲದ ಕಂತು ಬೇರೆ. "ಮಾಮಾ, ಎರಡೂ ಆಗಂಗಿಲ್ರೀ. ಒಂದನ್ನ ಬಿಡಬೇಕು" ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೊಡಲಾರದವನಿಗೆ ಅಂಬಾಬಾಯಿಯ ಕಥೆ ಹೇಳುವುದು ಹಸಿದವನಿಗೆ ಪುರಾಣ ಹೇಳಿದಂತೆ.

ಆಗ ನಾನು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇತಿಹಾಸವನ್ನು ಓದುವಾಗ ಒಂದು ಎಚ್ಚರ ಬೇಕು. ನಮಗೆ ಹೆಸರು ಗೊತ್ತಿರುವುದು ಗೆದ್ದವರದು ಮಾತ್ರ. ಮನೆಬಿಟ್ಟು ಓಡಿಹೋಗಿ ಏನೂ ಆಗದೆ ಉಳಿದ ಹುಡುಗರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದುದರಿಂದ "ಭೀಮಸೇನರಿಗೆ ಹಾಗಾಯಿತು, ನನ್ನ ಮಗನಿಗೂ ಹಾಗಾಗುತ್ತದೆ" ಎಂದು ಸಾಲ ಮಾಡಿ ಫೀ ಕಟ್ಟುವುದು ಸರಿಯಲ್ಲ. ಪಲುಸ್ಕರರಂತಹ ಸಾಧಕರ ಶಾಲೆಯೇ ಸಾಲದಿಂದ ಮುಚ್ಚಿತು ಎಂಬುದು ನೆನಪಿರಲಿ.

ಎರಡನೆಯದಾಗಿ, ಆ ಹಳೆಯ ಮನೆಗಳು ನೋಡಿದ್ದೇನು ಎಂಬುದನ್ನು ಗಮನಿಸಬೇಕು. ಅವರು ಮಗುವಿನ ಇಚ್ಛೆಯನ್ನು ನೋಡಿದರು. ಯಾರೂ ಹೇಳದಿದ್ದಾಗಲೂ ಮಗು ತಂಬೂರಿಯ ಹತ್ತಿರ ಹೋಗುತ್ತದೆಯೇ? ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ಸೈಕಲ್ಲಿನ ಮೇಲೆ ಗುನುಗುತ್ತದೆಯೇ? ಪಾಠ ತಪ್ಪಿದ ದಿನ ಅದಕ್ಕೆ ಬೇಸರವೋ, ಸಮಾಧಾನವೋ? ನನ್ನ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ತಂದೆಯ ಒತ್ತಾಯಕ್ಕೆ ತಬಲಾ ಕಲಿಯುತ್ತಿದ್ದ. ಪಾಠವಿದ್ದ ಶನಿವಾರ ಬೆಳಗಿನಿಂದಲೇ ಅವನ ಮುಖ ಬಾಡಿರುತ್ತಿತ್ತು. ಒಂದು ವರ್ಷದ ನಂತರ ತಂದೆ ಬಿಡಿಸಿದರು, ಹುಡುಗ ಹಗುರಾದ, ಫುಟ್‌ಬಾಲ್ ಆಡಿ ಬೆಳೆದ. ಅಲ್ಲಿ ಬಿಡಿಸಿದ್ದೇ ಸರಿ. ಇನ್ನೊಬ್ಬ ವಿದ್ಯಾರ್ಥಿನಿಯನ್ನು ಹತ್ತನೆಯ ಇಯತ್ತೆಯ ಜೂನ್ ತಿಂಗಳಲ್ಲಿ ಬಿಡಿಸಿದರು. ಅವಳು ಒಳ್ಳೆಯ ಅಂಕ ಪಡೆದಳು, ಬ್ಯಾಂಕಿನ ನೌಕರಿಗೆ ಸೇರಿದಳು, ಈಗ ನಲವತ್ತು ದಾಟಿದ ಮೇಲೆ ತನ್ನ ಸಂಬಳದಲ್ಲಿ ಫೀ ಕೊಟ್ಟು ಮತ್ತೆ ಸಾ ರಿ ಗ ಮದಿಂದ ಕಲಿಯುತ್ತಿದ್ದಾಳೆ. "ಆವಾಗ ಬರ್ತಿದ್ದ ತಾನು ಈಗ ಗಂಟಲಿಗೆ ಹತ್ತಂಗಿಲ್ರೀ ಸರ್, ಆದ್ರೂ ಖುಷಿ ಅದ" ಎಂದು ಹೇಳುತ್ತಾಳೆ. ಅಲ್ಲಿ ಪಾಠ ನಿಂತಿತ್ತು, ಸಂಗೀತ ನಿಂತಿರಲಿಲ್ಲ. ಆದರೂ ನಡುವಿನ ಇಪ್ಪತ್ತೈದು ವರ್ಷ ಹೋದದ್ದು ಹೋಯಿತು.

ಮೂರನೆಯದಾಗಿ, 'ಮುಂದುವರಿಸುವುದು' ಮತ್ತು 'ಬಿಡಿಸುವುದು' ಇವೆರಡರ ನಡುವೆ ಜಾಗವಿದೆ. ಗಂಗೂಬಾಯಿಯವರ ಪಾಠ ಒಂದು ಕಡೆ ನಿಂತು ಇನ್ನೊಂದು ಕಡೆ ಆರಂಭವಾಯಿತು, ವರ್ಷಗಟ್ಟಲೆ ಬಿಟ್ಟುಬಿಟ್ಟು ನಡೆಯಿತು. ವಾರಕ್ಕೆ ಎರಡು ಪಾಠವಿದ್ದರೆ ಒಂದು ಮಾಡಬಹುದು. ಪರೀಕ್ಷೆ ಕಟ್ಟುವುದನ್ನು ಒಂದು ವರ್ಷ ಮುಂದೂಡಬಹುದು. ಕಷ್ಟವಿದ್ದರೆ ಗುರುಗಳ ಮುಂದೆ ಕುಳಿತು ನೇರವಾಗಿ ಹೇಳಬಹುದು. ಫೀ ಬಾಕಿ ಉಳಿಸಿ ಹೇಳದೆ ಕೇಳದೆ ಮಗುವನ್ನು ಕಳಿಸುವುದು ನಿಲ್ಲಿಸುವುದು ಮಾತ್ರ ಬೇಡ. ಆ ಮಗು ಮುಂದೆ ಯಾವತ್ತಾದರೂ ಮರಳಿ ಹೋಗಬೇಕೆಂದರೆ ನಾಚಿಕೆಯಿಂದ ಹೋಗಲಾರದು. ಬಿಡಿಸುವುದೇ ಆದರೆ ಬಾಕಿ ತೀರಿಸಿ, ಹಣ್ಣು-ಕಾಯಿ ತೆಗೆದುಕೊಂಡು ಹೋಗಿ, ಮಗುವಿನಿಂದ ಗುರುಗಳಿಗೆ ನಮಸ್ಕಾರ ಮಾಡಿಸಿ ಬನ್ನಿ. ಬಾಗಿಲು ತೆರೆದೇ ಇರುತ್ತದೆ.

ಸೋದರಳಿಯನಿಗೆ ಇಷ್ಟು ಹೇಳಿ, "ಆಕಿನ್ನ ಕೇಳೀಯೇನೋ?" ಎಂದೆ. ಕೇಳಿರಲಿಲ್ಲ. ಆ ಸಂಜೆ ನನ್ನ ಎದುರಿಗೇ ಕೇಳಿದ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ವರ್ಷ ಪರೀಕ್ಷಾ ಕಟ್ಟೂದಿಲ್ಲ ಅಪ್ಪಾ. ಪಾಠ ಮಾತ್ರ ಬಿಡಿಸಬ್ಯಾಡ" ಎಂದಳು. ಅವಳ ಗುರುಗಳು ಸಜ್ಜನರು. ವಾರಕ್ಕೊಂದೇ ಪಾಠ, ಅರ್ಧ ಫೀ ಎಂದು ಒಪ್ಪಿಕೊಂಡರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಮತ್ತೊಮ್ಮೆ ಕುಳಿತು ಯೋಚಿಸುವುದೆಂದು ತೀರ್ಮಾನವಾಯಿತು. ಅವಳು ದೊಡ್ಡ ಗಾಯಕಿ ಆಗುತ್ತಾಳೆಯೇ? ಆಗದಿರುವ ಸಾಧ್ಯತೆಯೇ ಹೆಚ್ಚು. ತಿಂಗಳಿಗೆ ಆರುನೂರು ರೂಪಾಯಿಗೆ ಯಾರೂ ಆ ಭರವಸೆ ಕೊಡಲಾರರು, ಕೊಟ್ಟರೆ ನಂಬಬಾರದು.

ಹಿಂದೆ ಅರಸರು, ಕಂಪನಿಗಳು, ಮಠಗಳು ಹೊತ್ತ ಭಾರ ಇಂದು ಬಹುಮಟ್ಟಿಗೆ ಸಂಬಳದಾರರ ಹೆಗಲಿಗೆ ಬಂದಿದೆ. ಅರಮನೆಯ ಬೊಕ್ಕಸ ಅವರಿಗಿಲ್ಲ, ಹೀಗಾಗಿ ಲೆಕ್ಕ ಹಾಕುವುದು ತಪ್ಪಲ್ಲ. ಆದರೆ ಲೆಕ್ಕವನ್ನು ತಿಂಗಳಿಗೊಮ್ಮೆ ಹಾಕದೆ ವರ್ಷಕ್ಕೊಮ್ಮೆ ಹಾಕಿ, ಮಗುವನ್ನು ಎದುರಿಗೆ ಕೂರಿಸಿಕೊಂಡು ಹಾಕಿ ಎಂಬುದಷ್ಟೇ ನನ್ನ ಸಲಹೆ. ನಿಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಸಂಗೀತದ ಮಾಸ್ತರರಿಗೆ ಏನು ಕೊಡುತ್ತಿದ್ದರು, ಜೋಳವೋ, ಬೆಲ್ಲವೋ, ಧೋತರವೋ, ಮನೆಯ ಹಿರಿಯರನ್ನು ಕೇಳಿ ನೋಡಿ. ತಿಳಿದದ್ದನ್ನು ನನಗೂ ಬರೆದು ಕಳಿಸಿ. ಇಂತಹ ಸಂಗತಿಗಳು ಯಾವ ಗ್ರಂಥದಲ್ಲಿಯೂ ದೊರೆಯುವುದಿಲ್ಲ, ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು.